ಮಂಗಲದ ಸಕ್ಕರಿ

ನನಗೆ ಪುಸ್ತಕ ಓದಿ ಮುಗಿಸುವ ರೂಢಿಯಿಲ್ಲ. ಇದನ್ನು ಹೇಳಿಕೊಳ್ಳಲು ನಾಚಿಕೆಯೂ ಇಲ್ಲ. ಇಂಡಿ ಡಿಪೋದಲ್ಲಿ ಕಂಡಕ್ಟರ್ ನಾನು. ಇಂಡಿಯಿಂದ ಸಿಂದಗಿ, ದೇವರ ಹಿಪ್ಪರಗಿ, ಬಸವನ ಬಾಗೇವಾಡಿ ಹಾಯ್ದು ಮುದ್ದೇಬಿಹಾಳಕ್ಕೆ ಹೋಗಿ ಬರುವ ಗಾಡಿ ನನ್ನದು. ಜನ ಸಿಂದಗಿಯಲ್ಲಿ ಹತ್ತುತ್ತಾರೆ, ಹಿಪ್ಪರಗಿಯಲ್ಲಿ ಇಳಿಯುತ್ತಾರೆ. ಮುದ್ದೇಬಿಹಾಳದ ಗಾಡಿ ಹತ್ತಿದ ತಪ್ಪಿಗೆ ಮುದ್ದೇಬಿಹಾಳದ ತನಕ ಕೂತೇ ಇರಬೇಕು ಎಂದು ನಾನು ಯಾರಿಗಾದರೂ ಹೇಳಿದ್ದೇನೆಯೇ? ಪುಸ್ತಕವೂ ಅಷ್ಟೇ. ಬೇಸರ ಬಂತೋ, ಇಳಿದುಬಿಡಬೇಕು. ನನ್ನ ಚೀಲದಲ್ಲಿ ಟಿಕೆಟ್ ಮಷಿನ್ನಿನ ಪಕ್ಕ ಯಾವಾಗಲೂ ಒಂದು ಪುಸ್ತಕ ಇರುತ್ತದೆ. ಗಾಡಿ ಸ್ಟ್ಯಾಂಡಿನಲ್ಲಿ ನಿಂತಾಗ ತೆಗೆದು ಓದುತ್ತೇನೆ. ಹತ್ತಿಪ್ಪತ್ತು ಪುಟ ಆಗುವಷ್ಟರಲ್ಲಿ ಅಂಗಾಲು ತುರಿಸತೊಡಗುತ್ತದೆ. ಆ ಪುಸ್ತಕ ಒಳಗೆ, ಮತ್ತೊಂದು ಹೊರಗೆ. ಹೀಗೆ ನಾನು ಎಷ್ಟು ಜನರನ್ನು ಮದುವೆ ಮಂಟಪದಲ್ಲೇ ಬಿಟ್ಟು ಬಂದಿದ್ದೇನೆ, ಎಷ್ಟು ಕೊಲೆಗಾರರನ್ನು ಸಿಗದ ಹಾಗೆ ಉಳಿಸಿದ್ದೇನೆ ಎಂಬುದಕ್ಕೆ ಲೆಕ್ಕವಿಲ್ಲ.

ನನ್ನ ಅವ್ವ ಶೇವಂತೆವ್ವ ಇದಕ್ಕೆ ಪೂರಾ ಉಲ್ಟಾ. ಇಂಡಿಯ ಸರಕಾರಿ ಸಾಲೆಯಲ್ಲಿ ಪಾಠ ಹೇಳಿ ನಿವೃತ್ತಳಾದವಳು. ಊರಿಗೆಲ್ಲ ಅವಳು ಈಗಲೂ ‘ಅಕ್ಕೋರು’. ಅವಳ ತವರು ಹಿಪ್ಪರಗಿ ಬದಿಯ ಒಂದು ಹಳ್ಳಿ, ಕುರಿ ಕಾಯುವ ಮನೆತನ. ಅಲ್ಲಿ ಶ್ರಾವಣದಲ್ಲಿ ಬೀರದೇವರ ಗುಡಿಯಲ್ಲಿ ಪುರಾಣ ಹಚ್ಚುತ್ತಿದ್ದರಂತೆ. ಪುರಾಣ ಹಚ್ಚಿದ ಮೇಲೆ ಮಳೆ ಬರಲಿ, ಊರಲ್ಲಿ ಯಾರೇ ಸಾಯಲಿ, ಕೊನೆಯ ಅಧ್ಯಾಯ ಓದಿ, ಆರತಿ ಎತ್ತಿ, ಕೂತವರ ಕೈಗೆಲ್ಲ ಸಕ್ಕರೆ ಹಂಚುವ ತನಕ ಪೋಥಿ ಕಟ್ಟಿಡುವಂತಿಲ್ಲ. ಅದಕ್ಕೆ ‘ಮಂಗಲ’ ಎನ್ನುತ್ತಾರೆ. ಸರಿ, ಪುರಾಣಕ್ಕೆ ಮಂಗಲ ಮಾಡಲಿ, ಯಾರು ಬೇಡ ಎಂದರು? ನನ್ನ ಅವ್ವ ಕಾದಂಬರಿಗೂ ಮಂಗಲ ಮಾಡುತ್ತಾಳೆ! ಪತ್ತೇದಾರಿ ಕತೆಯಾದರೂ ಸರಿ, ಸೊಪ್ಪಿನ ಔಷಧಿಯ ಪುಸ್ತಕವಾದರೂ ಸರಿ, ಮೊದಲ ಪುಟ ತೆರೆದಳೆಂದರೆ ಕೊನೆಯ ಪುಟ ಮುಗಿಯುವ ತನಕ ಇನ್ನೊಂದು ಮುಟ್ಟುವುದಿಲ್ಲ. ಮುಗಿದ ದಿನ ಪುಸ್ತಕವನ್ನು ಕಣ್ಣಿಗೊತ್ತಿಕೊಂಡು, ಅಡುಗೆ ಮನೆಯಿಂದ ಡಬ್ಬಿ ತಂದು, ಮನೆಯಲ್ಲಿ ಇದ್ದವರ ಅಂಗೈಗೆ ಒಂದೊಂದು ಚಿಟಿಕೆ ಸಕ್ಕರೆ ಹಾಕುತ್ತಾಳೆ. ಸಣ್ಣವಳಿದ್ದಾಗ ನನಗೆ ಪುಸ್ತಕ ಅಂದರೆ ಆ ಸಕ್ಕರೆ.

“ಚಲೋ ಇರಲಿಲ್ಲಂದ್ರ ಯಾಕ ಓದ್ತೀಬೇ?” ಎಂದು ಕೇಳಿದರೆ ಅವಳದು ಒಂದೇ ಉತ್ತರ. “ಮಂಗಲ ಆಗದ ಪುಸ್ತಕ ಮನ್ಯಾಗಿದ್ರ ಯಾರೋ ಬಾಗಿಲದಾಗ ನಿಂತಂಗ ಆಗ್ತೈತಿ. ಒಳಗ ಕರದು ಕಳಸಬೇಕು.”

ಅವ್ವನಿಗೆ ಏದುಸಿರು ಶುರುವಾದದ್ದು ಈ ಬೇಸಿಗೆಯಲ್ಲಿ. ಮೊದಲು ಮೆಟ್ಟಿಲು ಹತ್ತುವಾಗ, ಆಮೇಲೆ ನೀರಿನ ಕೊಡ ಎತ್ತುವಾಗ, ಆಮೇಲೆ ಸುಮ್ಮನೆ ಮಾತಾಡುವಾಗ. ನಾನೂ ನನ್ನ ಗಂಡ ಯುವರಾಜನೂ ಝಳಕಿ ಮೇಲೆ ಹಾಯ್ದು ಸೊಲ್ಲಾಪುರಕ್ಕೆ ಕರೆದೊಯ್ದು ತೋರಿಸಿದೆವು. ಹೃದಯದ ಒಂದು ಕವಾಟ ಕಿರಿದಾಗಿದೆ, ಬದಲಿಸಬೇಕು ಎಂದರು ಡಾಕ್ಟರು. ಮರಾಠಿಯಲ್ಲಿ ಒಮ್ಮೆ, ಕನ್ನಡದಲ್ಲಿ ಒಮ್ಮೆ ಹೇಳಿದರು. “ತಡಾ ಮಾಡಬ್ಯಾಡ್ರಿ. ಈಗ ಮಾಡಿದ್ರ ಆರಾಮ ಆಗ್ತಾರ. ಹಂಗಾ ಬಿಟ್ರ ನಾ ಏನೂ ಹೇಳಾಕ ಬರಂಗಿಲ್ಲ.”

ನನಗೆ ಅದೇ ದಿನ ಸೇರಿಸಿಬಿಡುವಷ್ಟು ಅವಸರ. ಅವ್ವ ಮಾತ್ರ ಎಲ್ಲದಕ್ಕೂ ತಲೆ ಆಡಿಸಿ, ಊರಿಗೆ ಬಂದು, ಮರುದಿನ ತಾನೇ ನಿಧಾನಕ್ಕೆ ನಡೆದು ಲೈಬ್ರರಿಗೆ ಹೋಗಿ, ಕೆಂಪು ರಟ್ಟಿನ ಒಂದು ದಪ್ಪ ಕಾದಂಬರಿ ತಂದಳು. ರೊಟ್ಟಿ ಬಡಿಯುವ ಮಣೆಯಷ್ಟು ಭಾರ. ಪಡಸಾಲೆಯಲ್ಲಿ ಕೂತು ಮೊದಲ ಪುಟ ತೆರೆದಳು.

“ದವಾಖಾನಿಗೆ ಯಾವಾಗ ಹೋಗೂನಬೇ?” ಎಂದೆ.

“ಇದೊಂದು ಮಂಗಲ ಆಗ್ಲಿ. ಆಮ್ಯಾಲ ನೀ ಎಲ್ಲಿ ಕರೀತಿ ಅಲ್ಲಿ ಬರ್ತೇನಿ.”

ನಾನು ಒಪ್ಪಿದೆ. ಅವ್ವ ಓದುವ ವೇಗ ನನಗೆ ಗೊತ್ತಿತ್ತಲ್ಲ. ಇಂಥ ಪುಸ್ತಕ ಅವಳಿಗೆ ಒಂದು ವಾರದ ಮಾತು. ಆದರೆ ವಾರ ಕಳೆದು ನೋಡಿದರೆ ಗುರುತಿಗೆ ಇಟ್ಟಿದ್ದ ಹಳೆಯ ಬಸ್ ಟಿಕೆಟ್ಟು ಇನ್ನೂ ಮುಂದಿನ ರಟ್ಟಿನ ಹತ್ತಿರವೇ ಇತ್ತು. ಅವ್ವ ದಿನಕ್ಕೆ ಎರಡು ಪುಟ ಓದುತ್ತಿದ್ದಳು, ಅದೂ ಬೈದುಕೊಂಡು. “ಥೂ ಇವನ, ಇವನ ಕೈಯಾಗ ಪೆನ್ ಯಾರ ಕೊಟ್ಟಾರ?” ಎನ್ನುವಳು. ಅರ್ಧ ಪುಟಕ್ಕೆ ಕನ್ನಡಕ ತೆಗೆದು ಒರೆಸುವಳು. ಇಣುಕಿ ಹೋದ ಬೆಕ್ಕನ್ನು ಮಾತಾಡಿಸುವಳು.

ಅದರಲ್ಲಿ ಏನಿದೆ ನೋಡೋಣ ಎಂದು ರಜೆಯ ದಿನ ನಾನೂ ಕೈಗೆತ್ತಿಕೊಂಡೆ. ಒಬ್ಬ ದೇಸಾಯಿ, ಅವನದೊಂದು ಅರಮನೆಯಂಥ ವಾಡೆ. ವಾಡೆಗೊಂದು ಬಾಗಿಲು. ಬಾಗಿಲ ಮೇಲೆ ಕೆತ್ತಿದ ಗಿಳಿ, ಗಿಳಿಯ ಕೊಕ್ಕು, ಕೊಕ್ಕಿನ ಬಣ್ಣ. ಆ ಬಾಗಿಲು ತೆರೆಯುವುದರೊಳಗೆ ನನಗೆ ಜೊಂಪು ಹತ್ತಿತು. ಹೆಸರು ಹೇಳುವುದಿಲ್ಲ, ಬರೆದವರು ಬದುಕಿದ್ದರೆ ಬೇಜಾರು ಮಾಡಿಕೊಂಡಾರು.

“ಕಡೀ ಪುಟ ಓದಿ ಮುಚ್ಚಿಬಿಡಬೇ,” ಎಂದೆ. ಅವಳು ನಾನು ದೇವರ ಎಡೆ ಎಂಜಲು ಮಾಡಲು ಹೇಳಿದೆನೋ ಎಂಬಂತೆ ನೋಡಿದಳು. “ಹೋಗ್ಲಿ, ನಾ ಓದಿ ಕತಿ ಹೇಳ್ತೇನಿ,” ಎಂದೆ. “ನೀ?” ಎಂದು ನಕ್ಕಳು. “ನೀ ಓದಿದ್ರ ಆ ದೇಸಾಯಿ ಬಾಗಿಲದಾಗಿಂದ ಒಳಗೂ ಹೋಗಂಗಿಲ್ಲ.” ಸಿಟ್ಟು ನೆತ್ತಿಗೇರಿತು. ಒಂದು ದಿನ ಪುಸ್ತಕವನ್ನು ಜೋಳದ ಡಬ್ಬಿಯಲ್ಲಿ ಹೂತಿಟ್ಟು ಡ್ಯೂಟಿಗೆ ಹೋದೆ. ಬಂದು ನೋಡಿದರೆ ಅವ್ವ ಊಟ ಮಾಡದೆ ಕೂತಿದ್ದಾಳೆ. ಬಾಯಿಗೆ ಬಂದಂತೆ ಬೈಯುತ್ತ ತೆಗೆದು ಕೊಟ್ಟೆ.

ಯುವರಾಜನದು ಮೋಟರ್ ರಿವೈಂಡಿಂಗ್ ಅಂಗಡಿ. ಸುಟ್ಟ ತಂತಿಯನ್ನು ಒಂದೊಂದೇ ಸುತ್ತು ಬಿಚ್ಚಿ, ಒಂದೊಂದೇ ಸುತ್ತು ಸುತ್ತುವ ಮನುಷ್ಯ. ಅವನಿಗೆ ಅವಸರ ಎಂಬುದೇ ಗೊತ್ತಿಲ್ಲ. “ಅತ್ತಿ ಓದಿ ಮುಗಸ್ಲಿ ಬಿಡು, ಸುಮ್ನ ಯಾಕ ತಲಿ ಕೆಡಸ್ಕೊಂತಿ,” ಎಂದ. ಅವತ್ತು ಅವನ ಜೊತೆ ಮಾತು ಬಿಟ್ಟೆ.

ಗಾಡಿಯಲ್ಲಿದ್ದರೂ ನನ್ನ ಜೀವವೆಲ್ಲ ಆ ಬಸ್ ಟಿಕೆಟ್ಟು ಎಲ್ಲಿಗೆ ಬಂತು ಎಂಬುದರ ಮೇಲೆಯೇ. ಸಿಂದಗಿಯಲ್ಲಿ ಗಾಡಿ ನಿಂತ ಕೂಡಲೆ ಫೋನು.

“ಯವ್ವಾ, ಎಷ್ಟಾತು?”

“ಒಂದ ಹಾಳಿ.”

ಹಿಪ್ಪರಗಿಯಲ್ಲಿ ಮತ್ತೆ. “ಈಗ?”

“ಈಗಷ್ಟ ಚಾ ಕುಡದ್ನಿ.”

ಬಾಗೇವಾಡಿಯಲ್ಲಿ ಜನ ಮುಗಿಬಿದ್ದು ಹತ್ತುತ್ತಿರುವಾಗ ಮತ್ತೆ. “ಯವ್ವಾ?”

“ಅದಾ ಹಾಳಿ ತಿರುಗಿ ಓದಾಕತ್ತೇನಿ. ಮೊದಲ ಸಲ ತಿಳೀಲಿಲ್ಲ.”

“ಏ ನಿನ್ನ! ಏನ ಆಟ ಹಚ್ಚೀಯೇನು?” ಎಂದು ನಾನು ಚೀರಿದ ರಭಸಕ್ಕೆ, ಎದುರಿಗಿದ್ದ ಮುದುಕಿ ತನಗೇ ಅಂದದ್ದೆಂದು ತಿಳಿದು ಗಡಬಡಿಸಿ ಆಧಾರ್ ಕಾರ್ಡು ತೆಗೆದು ಹಿಡಿದಳು. “ನಿನಗಲ್ಲಬೇ ಆಯಿ, ಕುಂದ್ರು,” ಎಂದು ಅವಳಿಗೆ ಹೆಣ್ಣುಮಕ್ಕಳ ಬಿಟ್ಟಿ ಟಿಕೆಟು ಹರಿದು ಕೊಟ್ಟೆ. ಡ್ರೈವರ್ ತೌಸಿಫ ಕನ್ನಡಿಯಲ್ಲಿ ನನ್ನನ್ನು ನೋಡಿ ಮುಖ ತಿರುಗಿಸಿಕೊಂಡ. ಅವನಿಗೂ ಸಾಕಾಗಿತ್ತು.

ನಸ್ರೀನಳ ಫೋನು ಬಂದಾಗ ನಾನು ಮುದ್ದೇಬಿಹಾಳದ ಸ್ಟ್ಯಾಂಡಿನಲ್ಲಿದ್ದೆ. ನಸ್ರೀನ ನಮ್ಮ ಪಕ್ಕದ ಮನೆಯವಳು, ನಾನಿಲ್ಲದಾಗ ಅವ್ವನ ಮೇಲೆ ಒಂದು ಕಣ್ಣಿಟ್ಟಿರುತ್ತಾಳೆ. “ಗಾಬರಿ ಆಗಬ್ಯಾಡ ಅಕ್ಕಾ,” ಎಂದು ಶುರು ಮಾಡಿದಳು. ಹೀಗೆ ಶುರು ಮಾಡಿದರೆ ಯಾರು ಗಾಬರಿ ಆಗದೆ ಇರುತ್ತಾರೆ? ಅವ್ವ ನಳದ ಹತ್ತಿರ ಕಣ್ಣು ಕತ್ತಲೆ ಬಂದು ಕುಸಿದಿದ್ದಳಂತೆ. ಸ್ವಲ್ಪ ಹೊತ್ತು ಮಾತೇ ಬಂದಿರಲಿಲ್ಲವಂತೆ. ಈಗ ಮಲಗಿಸಿದ್ದಾಳಂತೆ, ನೀರು ಕುಡಿದಳಂತೆ. ಯುವರಾಜ ಹೋಗಿ ಡಾಕ್ಟರನ್ನು ಕರೆತರುತ್ತಿದ್ದಾನಂತೆ.

ಮುದ್ದೇಬಿಹಾಳದಿಂದ ಇಂಡಿ ಆ ದಿನ ಎಷ್ಟು ದೂರವಿತ್ತು ಎಂದು ನನ್ನನ್ನೇ ಕೇಳಬೇಕು. ಗಾಡಿ ನನ್ನದು, ಸೀಟಿ ನನ್ನ ಬಾಯಲ್ಲಿದೆ, ಆದರೂ ಎಲ್ಲೂ ನಿಲ್ಲದೆ ಹೋಗುವಂತಿಲ್ಲ. ಬೇವಿನ ಗಿಡದ ಕೆಳಗೆ ಕೈ ಮಾಡಿದವರು, ತೊಗರಿ ಚೀಲ ಹೊತ್ತವರು, ಚಿಲ್ಲರೆ ಕೇಳುವವರು. “ಲಗೂ ಹತ್ರಿ! ಲಗೂ! ಮನ್ಯಾಗ ಕುಂತ ಹತ್ತೀರೇನು?” ಎಂದು ಗಂಟಲು ಹರಿಯುವಂತೆ ಕೂಗಿದೆ. ಒಬ್ಬರು “ಏನ್ ಬಾಯಿ ಮಾಡ್ತಾಳ ಈಕಿ” ಎಂದರು. ಅನ್ನಲಿ. ಕೂರಲಾಗಲಿಲ್ಲ. ಹಿಂದಿನ ಬಾಗಿಲಿನಿಂದ ಮುಂದಿನ ಬಾಗಿಲಿಗೆ, ಮುಂದಿನಿಂದ ಹಿಂದಕ್ಕೆ ನಡೆದೆ. ತೌಸಿಫ, “ಅಕ್ಕಾ, ನೀ ಸೀಟಿ ಹೊಡಿ ಸಾಕು. ಉಳಕಿದ್ದು ನನಗ ಬಿಡು,” ಎಂದವನು ಸಿಂದಗಿಯಲ್ಲಿ ಚಹಾಕ್ಕೂ ಇಳಿಯಲಿಲ್ಲ.

ಮನೆಗೆ ಓಡಿ ಬಂದು ನೋಡಿದರೆ ಅವ್ವ ಮಂಚದ ಮೇಲೆ ಮಲಗಿದ್ದಾಳೆ, ಎದೆಯ ಮೇಲೆ ಕೆಂಪು ರಟ್ಟಿನ ಪುಸ್ತಕ. ಮುಖ ಬೂದಿಯ ಬಣ್ಣಕ್ಕೆ ತಿರುಗಿತ್ತು. ಊರಿನ ಡಾಕ್ಟರು ಬಂದು, ಇನ್ನು ದಿನ ದೂಡಬೇಡಿ ಎಂದು ಹೇಳಿ ಹೋಗಿದ್ದರು. ಎಚ್ಚರಾದ ಕೂಡಲೆ ಮೊದಲು ಪುಸ್ತಕ ಕೇಳಿದಳು ಎಂದಳು ನಸ್ರೀನ. ನಾನು ಟಿಕೆಟ್ಟು ಎಲ್ಲಿದೆ ಎಂದು ನೋಡಿದೆ. ಅರ್ಧ ಕೂಡ ಆಗಿರಲಿಲ್ಲ.

ಮರುದಿನ ರಜೆ ಹಾಕಿ ಲೈಬ್ರರಿಗೆ ಹೋದೆ. ಅಲ್ಲಿ ಪುಸ್ತಕ ಕೊಡುವ ಯುನೂಸ ಅವ್ವನ ಹಳೆಯ ವಿದ್ಯಾರ್ಥಿ. ಅವನು ಪುಸ್ತಕದ ಮುದ್ದತ್ತು ಮುಗಿಯಿತು, ವಾಪಸ್ ಕೊಡಿ ಎಂದು ಕೇಳಿದರೆ ಅವ್ವ ಇಲ್ಲವೆನ್ನಲಾರಳು ಎಂಬುದು ನನ್ನ ಉಪಾಯ.

“ಅಕ್ಕೋರ ಕಡಿಂದ ನಾ ಪುಸ್ತಕ ಕಸಗೊಳ್ಳಲ್ಯಾ?” ಎಂದ ಯುನೂಸ. “ಅವರ ಕೈಯಾಗ ಅಕ್ಷರ ಕಲ್ತಾಂವ ನಾ. ಬರಂಗಿಲ್ಲಕ್ಕಾ.”

“ಹಂಗಾರ ಅಂಥಾ ಹೊಲಸ ಪುಸ್ತಕ ಯಾಕ ಕೊಟ್ಟಿ? ಬ್ಯಾರೆ ಇರಲಿಲ್ಲೇನು ನಿನ್ನ ಕಪಾಟಿನ್ಯಾಗ?”

ಯುನೂಸ ಮೇಜಿನ ಮೇಲಿನ ಧೂಳನ್ನು ಬೆರಳಿನಿಂದ ಸರಿಸಿದ. “ನಾ ಕೊಟ್ಟದ್ದಲ್ಲಕ್ಕಾ ಅದು. ನಾ ಅವರಿಗಂತನ ಎಷ್ಟ್ ಚಂದ ಚಂದಾನು ಹೊಸಾವು ತಗದಿಟ್ಟಿದ್ನಿ. ನೋಡಿದ್ರು, ಬ್ಯಾಡಂದ್ರು. ‘ಇವು ಓಡಿಸ್ಕೊಂಡ ಹೋಗ್ತಾವೋ ಯುನೂಸ. ಯಾರ ಕೈಯಾಗೂ ಮುಗೀಲಾರದ್ದು ಯಾವುದೈತಿ ನಿನ್ನ ಕಡೆ? ಅದನ್ನ ಕೊಡು’ ಅಂದ್ರು. ನಾ ಚ್ಯಾಷ್ಟಿ ಮಾಡಾಕತ್ತಾರ ಅನ್ಕೊಂಡ್ನಿ. ಒಯ್ದವರೆಲ್ಲ ನಾಕ ದಿನದಾಗ ತಂದು ಒಗದು ಹೋಗಿದ್ದು ಅದೊಂದಾ ಇತ್ತು. ಅದನ್ನಾ ಕೊಟ್ನಿ.”

“ಯಾವತ್ತ ಅದು?”

“ಸೊಲ್ಲಾಪುರಕ್ಕ ಹೋಗಿ ತೋರಸ್ಕೊಂಡ ಬಂದ್ನಿ ಅಂದ್ರಲ್ಲ, ಅವತ್ತಾ.”

ಇಷ್ಟು ದಿನ ನಾನು ಅವಳ ಹಟದ ಜೊತೆ ಜಗಳಾಡುತ್ತಿದ್ದೆ. ಅದು ಹಟ ಆಗಿರಲೇ ಇಲ್ಲ.

ಮನೆಗೆ ಹೋದಾಗ ಅವ್ವ ದಿಂಬಿಗೆ ಒರಗಿ ಕೂತಿದ್ದಳು. ಪುಸ್ತಕ ತೊಡೆಯ ಮೇಲಿತ್ತು, ಕಣ್ಣು ಬಾಗಿಲ ಕಡೆಗಿತ್ತು. ನಾನು ಮಂಚದ ತುದಿಗೆ ಕೂತೆ. ಹೇಗೆ ಶುರು ಮಾಡಬೇಕೋ ತಿಳಿಯಲಿಲ್ಲ.

“ಯವ್ವಾ, ಆಪರೇಷನ್ನಿಗೆ ಅಂಜಿಯೇನು?”

ಅವ್ವ ಕನ್ನಡಕ ತೆಗೆದು ಒರೆಸಿದಳು. ಆಮೇಲೆ ಕೇಳಿದಳು, “ನಿಮ್ಮಪ್ಪಗ ನಾ ಕಡೀಕ ಓದಿ ಹೇಳಿದ ಪುಸ್ತಕ ನೆಪ್ಪೈತೇನು?”

ಅಪ್ಪ ಬೀರಣ್ಣ ಲೈನ್‌ಮನ್ ಆಗಿದ್ದ. ಕಿಡ್ನಿ ಕೆಟ್ಟು ಇದೇ ಪಡಸಾಲೆಯಲ್ಲಿ, ಇದೇ ಮಂಚದ ಮೇಲೆ ಮಲಗಿದ್ದ ದಿನಗಳಲ್ಲಿ ಅವ್ವ ಮಧ್ಯಾಹ್ನವೆಲ್ಲ ಅವನಿಗೆ ಓದಿ ಹೇಳುತ್ತಿದ್ದಳು. ಯಾವ ಪುಸ್ತಕ ಎಂದು ನನಗೆ ನೆನಪಿರಲಿಲ್ಲ.

“ಎಷ್ಟ್ ಚಲೋ ಪುಸ್ತಕಾ ಅದು, ಸುರೇಖಾ,” ಎಂದಳು ಅವ್ವ. ಪ್ರತಿ ಮಾತಿಗೂ ಉಸಿರು ಎಳೆದುಕೊಳ್ಳುತ್ತಿದ್ದಳು. “‘ಇನ್ನೊಂದೀಟು ಓದು, ಇನ್ನೊಂದೀಟು ಓದು’ ಅಂತಿದ್ದ. ನಗ್ತಿದ್ದ. ನೋವು ಮರತಿದ್ದ. ನನಗೂ ಕೈಯಾಗಿಂದ ಬಿಡಾಕ ಆಗಲಿಲ್ಲ. ಲಗೂ ಲಗೂ ಮುಗಸಿಬಿಟ್ವಿ. ಮಂಗಲದ ಸಕ್ಕರಿ ನಾನಾ ಅವನ ಬಾಯಾಗ ಹಾಕಿದ್ನಿ. ಮರುದಿನ ಮುಂಜಾನೆ ಹೋಗಿಬಿಟ್ಟ.”

ಅವಳ ಬೆನ್ನ ಹಿಂದಿನ ದಿಂಬು ಸರಿ ಮಾಡಿದೆ.

“ಅದು ಹೊಲಸ ಪುಸ್ತಕ ಇದ್ದಿದ್ರ ಇನ್ನೊಂದೀಟು ದಿನ ಇರ್ತಿದ್ದ. ಮುಂದ ಏನಾಕ್ಕೈತಿ ನೋಡೂನಂತ ಇರ್ತಿದ್ದ.” ತೊಡೆಯ ಮೇಲಿನ ಪುಸ್ತಕವನ್ನು ಸವರಿದಳು. “ನಾ ಸಾಲೀ ಕಲ್ತಾಕಿ. ನನಗ ತಿಳಿಯಂಗಿಲ್ಲಂತ ತಿಳೀಬ್ಯಾಡ. ಎಲ್ಲಾ ತಿಳೀತೈತಿ. ಆದ್ರೂ ಇದು ಮುಗೀಲಿಲ್ಲಂದ್ರ ನಂದೂ ಮುಗಿಯಂಗಿಲ್ಲ ಅಂತ ಒಳಗ ಒಂದು ಕುಂತೈತಿ. ಏನ್ ಮಾಡ್ಲಿ?”

ಕಿಡ್ನಿಗೂ ಕಾದಂಬರಿಗೂ ಏನು ಸಂಬಂಧ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ. ಕೂರಲಾಗದೆ ಎದ್ದೆ, ಅಡುಗೆ ಮನೆಗೆ ಹೋದೆ, ನೀರು ಕುಡಿದೆ, ಮತ್ತೆ ಬಂದೆ. ಹೀಗೆ ಎರಡು ಮೂರು ಸಲ ಓಡಾಡುವಾಗ ಒಂದು ಮಾತು ಹೊಳೆಯಿತು.

“ಹಂಗಾರ ಮುಗಸಬ್ಯಾಡ,” ಎಂದೆ.

“ಆಂ?”

“ಮುಗಸಬ್ಯಾಡ. ಇದ್ದಲ್ಲೇ ಬಿಡು. ನೀ ಮನಿ ಬಿಟ್ಟ ಹೊಂಟಾಗ ಎಂದಾರ ‘ಹೋಗ್ತೇನಿ’ ಅಂದೀಯೇನು? ‘ಬರ್ತೇನಿ’ ಅಂತೀ. ಈ ಪುಸ್ತಕಕ್ಕೂ ಹಂಗಾ ಬರ್ತೇನಿ ಅಂತ ಹೇಳಿ ನಡಿ. ಅದು ಬಾಗಿಲದಾಗ ನಿಂತಿರ್ಲಿ, ನೀ ತಿರುಗಿ ಬರೂತನಕ.”

“ನಾ ಇಲ್ಲದಾಗ ಯಾರಾರ ಮುಗಿಸಿದ್ರ?”

ಇಷ್ಟು ಓದಿದ ಹೆಂಗಸು, ಎಷ್ಟೋ ಮಕ್ಕಳಿಗೆ ಲೆಕ್ಕ ಕಲಿಸಿದವಳು, ಸಣ್ಣ ಹುಡುಗಿಯ ಹಾಗೆ ಕೇಳಿದಳು. ನನಗೆ ಅಳು ಬಂತು, ಸಿಟ್ಟೂ ಬಂತು. “ನನ್ನ ಕೈಯಾಗ ಕೊಡಬೇ!” ಎಂದೆ ಜೋರಾಗಿ. “ಹುಟ್ಟಿದಾಗಿಂದ ನಾ ಒಂದಾರ ಪುಸ್ತಕ ಮುಗಸೇನೇನು? ನನ್ನ ಕೈಯಾಗ ಯಾವುದಾರ ಮುಗದದ್ದು ನೋಡೀಯೇನು? ನನ್ನಷ್ಟು ಭರೋಸಾದಾಕಿ ನಿನಗ ಇಡೀ ಇಂಡ್ಯಾಗ ಸಿಗಂಗಿಲ್ಲ.”

ಅವ್ವ ನನ್ನ ಮುಖ ನೋಡಿದಳು. ಮೊದಲು ತುಟಿಯ ತುದಿ ಅಲುಗಿತು, ಆಮೇಲೆ ಹೊಟ್ಟೆ ಕುಲುಕಿತು. ನಗು ಬಂದು ಕೆಮ್ಮು ಬಂತು. “ಅದು ಖರೆ ನೋಡು,” ಎಂದಳು.

ಸೊಲ್ಲಾಪುರದಲ್ಲಿ ಆಪರೇಷನ್ನಿನ ದಿನ ಮುಂಜಾನೆ ನರ್ಸು ಬಂದು ಅವ್ವನ ಕನ್ನಡಕ ತೆಗೆಸಿದಳು. ಕನ್ನಡಕ ಇಲ್ಲದ ಅವ್ವ ಬೇರೆ ಯಾರೋ ಆಗಿ ಕಂಡಳು. ಚೀಲದಿಂದ ಪುಸ್ತಕ ತೆಗೆಸಿ, ಟಿಕೆಟ್ಟು ಇಟ್ಟ ಜಾಗ ಕೈಯಿಂದ ಮುಟ್ಟಿ ನೋಡಿ, ನನ್ನ ಕೈಯಲ್ಲಿಟ್ಟಳು.

“ಹುಷಾರ, ಮಗಳ.”

“ನನ್ನ ಕೈಯಾಗ ಏನೂ ಮುಗಿಯಂಗಿಲ್ಲ. ಹೋಗು—” ಎಂದು ನಾಲಿಗೆ ಕಚ್ಚಿಕೊಂಡೆ. “ಹೋಗಿ ಬಾರಬೇ.”

“ಬರ್ತೇನಿ,” ಎಂದಳು. ನನಗೆ ಹೇಳಿದಳೋ, ಪುಸ್ತಕಕ್ಕೆ ಹೇಳಿದಳೋ, ಗೊತ್ತಾಗಲಿಲ್ಲ. ಬಾಗಿಲು ಮುಚ್ಚಿತು.

ಬಹಳ ಹೊತ್ತು ಹಿಡಿಯುತ್ತದೆ, ಕೂತಿರಿ ಎಂದರು. ಕೂರುವುದೊಂದು ನನಗೆ ಬರುವುದಿಲ್ಲ ಎಂದು ಅವರಿಗೇನು ಗೊತ್ತು. ಕಾರಿಡಾರಿನ ಈ ತುದಿಯಿಂದ ಆ ತುದಿಗೆ ನಡೆದೆ. ಗೋಡೆಯ ಮೇಲಿನ ಮರಾಠಿ ಬೋರ್ಡುಗಳನ್ನೆಲ್ಲ ಓದಿದೆ. ಅರ್ಥವಾಗದ್ದನ್ನೂ ಓದಿದೆ. ಫೋನು ತೆಗೆದೆ, ಇಟ್ಟೆ. ಯುವರಾಜ ತಂದ ಚಹಾ ಆರಿ ಕೆನೆಗಟ್ಟಿತು. ಬಾಗಿಲ ಮೇಲಿನ ಕೆಂಪು ದೀಪ ಎಷ್ಟು ಸಲ ನೋಡಿದರೂ ಆರಲಿಲ್ಲ. ಕಣ್ಣಿಗೆ ಬೇರೆ ಏನಾದರೂ ಬೇಕಿತ್ತು. ಟಿಕೆಟ್ಟು ಇದ್ದಲ್ಲಿ ಪುಸ್ತಕ ತೆರೆದೆ.

ದೇಸಾಯಿ ಇನ್ನೂ ಬಾಗಿಲಲ್ಲೇ ಇದ್ದ. ಸಿಟ್ಟಿನಿಂದ ಪುಟ ಮಗುಚಿದೆ. ಅವನ ಮಗಳು ಕಿಟಕಿಯಲ್ಲಿ ನಿಂತು ಅತ್ತಳು, ಅವಳ ಕಣ್ಣೀರಿನ ವರ್ಣನೆ ಎರಡು ಪುಟ. ಓದಿದೆ. ಒಬ್ಬ ಮಾವ ಬಂದ, ಊಟ ಮಾಡಿದ, ಹೋದ. ಓದಿದೆ. ಬೇಸರವಾಯಿತು, ಎಂದಿನಂತೆ ಅಂಗಾಲು ತುರಿಸಿತು, ಆದರೆ ಇಳಿದು ಹೋಗಲು ಎಲ್ಲೂ ಸ್ಟಾಪು ಇರಲಿಲ್ಲ. ಪುಸ್ತಕ ಮುಚ್ಚಿದರೆ ಆ ಕೆಂಪು ದೀಪ. ಅದಕ್ಕಿಂತ ದೇಸಾಯಿಯೇ ವಾಸಿ ಎಂದು ಮತ್ತೆ ತೆರೆದೆ. ಯುವರಾಜ ಊಟಕ್ಕೆ ಕರೆದ, ತಲೆ ಎತ್ತಲಿಲ್ಲ. ಯಾರೋ ಸತ್ತರು, ಯಾರೋ ಕೋರ್ಟಿಗೆ ಹೋದರು, ಗಿಳಿಯ ಕೊಕ್ಕು ಮತ್ತೆ ಬಂತು. ಓದಿದೆ, ಓದಿದೆ, ಹಲ್ಲು ಕಚ್ಚಿಕೊಂಡು ಓದಿದೆ.

ಟಿಕೆಟು ಹರಿಯುವ ಕೈ ನನ್ನದು, ಬೆರಳಿಗೆ ಎಂಜಲು ಹಚ್ಚಿಕೊಳ್ಳುವ ರೂಢಿ ಹೋಗಿಲ್ಲ. ಹಾಗೆ ಎಂಜಲು ಹಚ್ಚಿದ ಬೆರಳಿನಿಂದ ಮುಂದಿನ ಪುಟದ ತುದಿ ಹಿಡಿದಾಗ ಬಲಗೈಗೆ ಏನೂ ಭಾರವೇ ಹತ್ತಲಿಲ್ಲ. ನೋಡಿದೆ. ಒಂದೇ ಒಂದು ಹಾಳೆ ಉಳಿದಿತ್ತು. ಅದರ ಆಚೆ ಕೆಂಪು ರಟ್ಟು.

ಕೈ ಅಲ್ಲೇ ನಿಂತುಹೋಯಿತು. ನನ್ನ ಕೈಯಲ್ಲಿ ಯಾವುದೂ ಮುಗಿಯುವುದಿಲ್ಲ ಎಂದು ಎದೆ ತಟ್ಟಿ ಹೇಳಿ ತಂದವಳು ನಾನು. ಹೃದಯದ ಕವಾಟಕ್ಕೂ ಈ ಕಾಗದಕ್ಕೂ ಏನು ಸಂಬಂಧ ಎಂದು ಕೇಳಬೇಡಿ. ಏನೂ ಇಲ್ಲ, ನನಗೂ ಗೊತ್ತು. ಹಾಗೆಂದು ಬೇರೆಯವರ ಅವ್ವ ಒಳಗೆ ಮಲಗಿದ್ದರೆ ನಾನೇ ಎಲ್ಲರಿಗಿಂತ ಮೊದಲು ಹೇಳುತ್ತಿದ್ದೆ. ಆದರೆ ಒಳಗೆ ಇದ್ದದ್ದು ನನ್ನ ಅವ್ವ. ಟಿಕೆಟ್ಟು ಅಲ್ಲಿಗೆ ಸರಿಸಿಟ್ಟು ಪುಸ್ತಕ ಮುಚ್ಚಿ, ಗಾಳಿಗೆ ತೆರೆದೀತು ಎಂದು ಸೆರಗಿನಲ್ಲಿ ಸುತ್ತಿ, ಎರಡೂ ಕೈಯಿಂದ ಹೊಟ್ಟೆಗೆ ಒತ್ತಿ ಹಿಡಿದು ಕೂತೆ.

“ಏನಾತು?” ಎಂದ ಯುವರಾಜ.

“ಮಾತಾಡಬ್ಯಾಡ,” ಎಂದೆ. ಪಕ್ಕದಲ್ಲಿ ಬಂದು ಕೂತ. ಅವನ ಅವಸರವಿಲ್ಲದ ಭುಜಕ್ಕೆ ತಲೆ ಆನಿಸಿದೆ. ಅವನ ಮೇಲಿನ ಸಿಟ್ಟೆಲ್ಲ ಎಲ್ಲಿ ಹೋಯಿತೋ ತಿಳಿಯದು.

ಡಾಕ್ಟರು ಹೊರಗೆ ಬಂದರು. “ಚಲೋ ಆತ್ರಿ,” ಎಂದರು. “ಮುದುಕಿ ಗಟ್ಟಿ ಅದಾರ.” ನಾನು ಅವರಿಗೆ ಕೈ ಮುಗಿಯಲು ಹೋಗಿ, ಪುಸ್ತಕ ಬಿಡಲಾಗದೆ, ಬರೀ ತಲೆ ಬಾಗಿಸಿದೆ.

ಅವ್ವನನ್ನು ವಾರ್ಡಿಗೆ ತಂದು, ಅವಳಿಗೆ ಸರಿಯಾಗಿ ಮಾತಾಡುವಷ್ಟು ಶಕ್ತಿ ಬರಲು ಕೆಲವು ದಿನ ಹಿಡಿಯಿತು. ದಿಂಬಿಗೆ ಒರಗಿಸಿ ಕೂರಿಸಿದ ದಿನ ಮೊದಲು ಕನ್ನಡಕ ಹಾಕಿಸಿಕೊಂಡಳು. ಆಮೇಲೆ ಕೈ ಚಾಚಿದಳು. ನಾನು ಪುಸ್ತಕ ಕೊಟ್ಟೆ. ತಾನು ಬಿಟ್ಟ ಜಾಗದಲ್ಲಿ ಟಿಕೆಟ್ಟು ಹುಡುಕಿದಳು. ಅಲ್ಲಿರಲಿಲ್ಲ. ಹಾಳೆ ಸರಿಸುತ್ತ ಹೋದಳು, ಸರಿಸುತ್ತಲೇ ಹೋದಳು. ಕೊನೆಗೆ ಹಿಂದಿನ ರಟ್ಟಿನ ಹತ್ತಿರ ಸಿಕ್ಕಿತು.

“ಇದನ್ನ ಯಾರ ಓದಿದ್ರು?”

“ನಾ.”

“ನೀ?” ಕನ್ನಡಕದ ಮೇಲಿಂದ ನೋಡಿದಳು. “ಇಷ್ಟೂ?”

“ಹೂಂ. ಕಡೀ ಹಾಳಿ ಬಿಟ್ಟೇನಿ. ಮುಟ್ಟಿಲ್ಲ, ನಿನ್ನಾಣಿ.”

“ಚಲೋ ಅನಸ್ತೇನು?”

“ಥೂ. ಎಂಥಾ ಹೊಲಸ ಪುಸ್ತಕಾಬೇ ಅದು. ಅವನ ಗಿಳಿಗಿಷ್ಟು ಬೆಂಕಿ ಹಾಕ.”

ಅವ್ವ ನಗಲಿಲ್ಲ. ಪುಸ್ತಕದ ದಪ್ಪವನ್ನು, ನಾನು ಓದಿದ ಅಷ್ಟೂ ಹಾಳೆಯನ್ನು, ಎರಡು ಬೆರಳ ನಡುವೆ ಹಿಡಿದು ನೋಡಿದಳು. ಮತ್ತೆ ನನ್ನನ್ನು ನೋಡಿದಳು. ಅವಳ ದನಿ ಸಣ್ಣದಾಯಿತು.

“ಇಷ್ಟು ಅಂಜಿದ್ದ್ಯಾ, ಮಗಳ?”

ಅವಳ ಹಾಸಿಗೆಯ ಅಂಚಿಗೆ ಮುಖವಿಟ್ಟು, ಪಕ್ಕದ ಹಾಸಿಗೆಯವರು ಎದ್ದು ಕೂರುವಷ್ಟು ಜೋರಾಗಿ ಅತ್ತೆ. ಅವ್ವ ನನ್ನ ತಲೆಯ ಮೇಲೆ ಕೈಯಾಡಿಸುತ್ತಿದ್ದಳು.

ಅಳು ನಿಂತ ಮೇಲೆ ನೋಡಿದರೆ ಪುಸ್ತಕ ಮುಚ್ಚಿ ಬದಿಗಿಟ್ಟಿದ್ದಳು. ಅಂಗೈ ನನ್ನ ಮುಂದೆ ಚಾಚಿದ್ದಳು.

“ಸಕ್ಕರಿ ಕೊಡು.”

“ಮಂಗಲ ಆಗಿಲ್ಲಬೇ. ಇನ್ನೂ ಒಂದ ಹಾಳಿ ಐತಿ.”

“ಅದಕ್ಕಾ ಕೊಡು. ಅದೂ ಮುಗದಿಲ್ಲ, ನಾನೂ ಮುಗದಿಲ್ಲ.”

ಚಹಾದ ಜೊತೆ ಯುವರಾಜ ತಂದಿಟ್ಟಿದ್ದ ಸಕ್ಕರೆಯ ಪೊಟ್ಟಣ ಮೇಜಿನ ಮೇಲಿತ್ತು. ಹಲ್ಲಿನಿಂದ ಹರಿದು, ಅವಳ ಅಂಗೈಗೆ ಒಂದು ಚಿಟಿಕೆ ಹಾಕಿ, ಉಳಿದದ್ದನ್ನು ನನ್ನ ಬಾಯಿಗೆ ಸುರಿದುಕೊಂಡೆ.